ಓದುಗರ ಪ್ರಶ್ನೆ: ಎಂಟೂವರೆ ಗಂಟೆಯ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಟ್ರಯಥ್ಲಾನ್ ಕುರಿತವು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ. ಹೊಸಬರಿಗಾಗಿ ಮೊದಲು ಅಳತೆಗಳು. 2000ದ ಸಿಡ್ನಿಯಿಂದ ಒಲಿಂಪಿಕ್ಸ್‌ನಲ್ಲಿರುವ ಟ್ರಯಥ್ಲಾನ್ ಎಂದರೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಐರನ್‌ಮ್ಯಾನ್ ಎಂದರೆ 3.8, 180, 42.2. ಅದರ ಅರ್ಧ 70.3, ಅಂದರೆ 1.9, 90, 21.1. ಹೆಸರಿನಲ್ಲಿರುವ ಅಂಕಿ ಮೈಲಿ ಲೆಕ್ಕದ್ದು. ನಮ್ಮ ಲೆಕ್ಕದಲ್ಲಿ ಒಟ್ಟು 113 ಕಿ.ಮೀ. ಗೋವಾದ ಮೀರಾಮಾರ್ ಕಡಲತೀರದಲ್ಲಿ 2019ರಲ್ಲಿ ಶುರುವಾದದ್ದು ಈ ಅರ್ಧದ್ದೇ. ಪತ್ರ ಬರೆದವರಲ್ಲಿ ಹೆಚ್ಚಿನವರ ಕಣ್ಣಿರುವುದೂ ಅದರ ಮೇಲೆಯೇ. ಮೂರನ್ನೂ ಮುಗಿಸಲು ಇರುವ ಗಡುವು ಎಂಟೂವರೆ ಗಂಟೆ.

ನನಗೆ 43 ವರ್ಷ. ವರ್ಲ್ಡ್ ಚಾಂಪಿಯನ್‌ಶಿಪ್‌ಗೆ ನಮ್ಮಂಥ ಹವ್ಯಾಸಿಗಳೂ ಹೋಗುತ್ತಾರೆ ಎಂದು ಕೇಳಿದೆ. ದಾರಿ ಯಾವುದು? (ಹುಬ್ಬಳ್ಳಿ)

ದಾರಿ ಎರಡು. ಜನ ಅವೆರಡನ್ನೂ ಒಂದೇ ಅಂದುಕೊಂಡು ಗೊಂದಲ ಮಾಡಿಕೊಳ್ಳುತ್ತಾರೆ. ವರ್ಲ್ಡ್ ಟ್ರಯಥ್ಲಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ವಯೋವರ್ಗದವರಿಗಾಗಿ, ಅಂದರೆ ವಯಸ್ಸಿನ ಗುಂಪುಗಳಲ್ಲಿ ಸ್ಪರ್ಧಿಸುವ ಹವ್ಯಾಸಿಗಳಿಗಾಗಿ, ನಡೆಸುವ ಚಾಂಪಿಯನ್‌ಶಿಪ್ ಒಂದು. ಅಲ್ಲಿಗೆ ದೇಶದ ಒಕ್ಕೂಟದ ಮೂಲಕವೇ ಹೋಗಬೇಕು, ದೇಶದ ಬಣ್ಣದ ಉಡುಪಿನಲ್ಲೇ ಇಳಿಯಬೇಕು. ಇನ್ನೊಂದು ಐರನ್‌ಮ್ಯಾನ್ ಕಂಪನಿಯದು. ಅಲ್ಲಿ ದೇಶದ ಮಾತಿಲ್ಲ. ಅರ್ಹತಾ ರೇಸ್ ಓಡಿ ‘ಸ್ಲಾಟ್’, ಅಂದರೆ ಪ್ರವೇಶದ ಜಾಗ, ಗೆಲ್ಲಬೇಕು.

ನಿಮ್ಮದು 40–44ರ ಗುಂಪು. ಇಲ್ಲಿ ವಯಸ್ಸನ್ನು ರೇಸಿನ ದಿನಕ್ಕೆ ಲೆಕ್ಕ ಹಾಕುವುದಿಲ್ಲ, ಆ ವರ್ಷದ ಡಿಸೆಂಬರ್ 31ಕ್ಕೆ ಹಾಕುತ್ತಾರೆ. ನಿಮಗೆ 45 ತುಂಬುವ ವರ್ಷದ ಜನವರಿಯಲ್ಲೇ ನೀವು ಮುಂದಿನ ಗುಂಪಿನ ಅತಿ ಕಿರಿಯ ಸ್ಪರ್ಧಿ ಆಗಿರುತ್ತೀರಿ. ಎಷ್ಟೋ ಜನ ಇದನ್ನೇ ಕಾದು ಅರ್ಜಿ ಹಾಕುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಈಗಿನ ಪದ್ಧತಿಯಲ್ಲಿ ಪ್ರತಿ ಗುಂಪಿನ ಮೊದಲಿಗರಿಗೆ ಸ್ಲಾಟ್ ನೇರವಾಗಿ ಸಿಗುತ್ತದೆ. ಮಿಕ್ಕವನ್ನು ವಯಸ್ಸಿಗೆ ತಕ್ಕಂತೆ ತೂಗಿದ ಸಮಯದ ಮೇಲೆ ಹಂಚುತ್ತಾರೆ, ಯಾರಾದರೂ ಬೇಡವೆಂದರೆ ಅದು ಕೆಳಗಿನವರಿಗೆ ಇಳಿಯುತ್ತದೆ. ಹೀಗೆ ಇಳಿದು ಬಂದ ಸ್ಲಾಟ್ ಕೈತಪ್ಪುವುದು ಮಾಮೂಲು, ಏಕೆಂದರೆ ಹೆಸರು ಕೂಗುವ ಹೊತ್ತಿಗೆ ಆಸಾಮಿ ಹೋಟೆಲಿನಲ್ಲಿ ಮಲಗಿರುತ್ತಾರೆ. ಸ್ಲಾಟ್ ಹಂಚುವ ಕಾರ್ಯಕ್ರಮಕ್ಕೆ ಖುದ್ದು ಹೋಗಿ, ವಿದೇಶಿ ಪಾವತಿಗೆ ತೆರೆದಿಟ್ಟ ಕಾರ್ಡ್ ಜೇಬಿನಲ್ಲಿರಲಿ. ನಿಯಮಗಳು ಪ್ರತಿ ಹಂಗಾಮಿಗೂ ತಿದ್ದುಪಡಿ ಆಗುತ್ತವೆ, ಆ ವರ್ಷದ ಕೈಪಿಡಿಯನ್ನೇ ನೋಡಿ.

25 ಮೀಟರ್ ಕೊಳದಲ್ಲಿ 1.9 ಕಿ.ಮೀ.ಯನ್ನು 48 ನಿಮಿಷದಲ್ಲಿ ಈಜುತ್ತೇನೆ. ಸಮುದ್ರದಲ್ಲಿ 66 ನಿಮಿಷ ಹಿಡಿಯಿತು, ಈಜಿನ ಗಡುವಿಗೆ ನಾಲ್ಕೇ ನಿಮಿಷ ಬಾಕಿ! ವಾಚ್ 2.2 ಕಿ.ಮೀ. ತೋರಿಸಿತು. ಅಳತೆಯೇ ತಪ್ಪಿತ್ತೇ? (ಮೈಸೂರು)

ಅಳತೆ ಸರಿ ಇದ್ದಿರಬಹುದು, ದಾರಿ ಸೊಟ್ಟಗಾಗಿದೆ. ಮೊದಲು ಕೊಳದ ಲೆಕ್ಕ ನೋಡೋಣ. 25 ಮೀಟರ್ ಕೊಳದಲ್ಲಿ 1.9 ಕಿ.ಮೀ. ಎಂದರೆ 76 ಉದ್ದ, 75 ತಿರುವು. ಪ್ರತಿ ತಿರುವಿನಲ್ಲೂ ಗೋಡೆಯನ್ನು ಕಾಲಿಂದ ಒದ್ದು ಜಾರುವ ದೂರ ನಾಲ್ಕು ಮೀಟರ್ ಎಂದಿಟ್ಟುಕೊಂಡರೂ 300 ಮೀಟರ್ ಆಯಿತು. ಅಷ್ಟನ್ನು ನಿಮ್ಮ ತೋಳು ಈಜಿಯೇ ಇಲ್ಲ. ಜೊತೆಗೆ ಪ್ರತಿ ತಿರುವಿನಲ್ಲೂ ಅರೆಕ್ಷಣದ ವಿರಾಮ. ಸಮುದ್ರದಲ್ಲಿ ಗೋಡೆ ಇಲ್ಲ, ತಳದಲ್ಲಿ ಕಪ್ಪು ಗೆರೆಯೂ ಇಲ್ಲ. ಆದ್ದರಿಂದ ಕೊಳದ 48 ನಿಮಿಷವನ್ನು ಸಮುದ್ರದಲ್ಲಿ 55 ಎಂದೇ ಹಿಡಿಯಬೇಕು. ಮಿಕ್ಕ 11 ನಿಮಿಷವನ್ನು ನೀವು ಕಳೆದದ್ದು ಗುರಿ ನೋಡದೆ ಈಜಿದ್ದರಿಂದ.

ಗುರಿ ನೋಡುವ ಕ್ರಮ ಹೀಗೆ. ಮುಂದಿನ ಕೈ ನೀರನ್ನು ಕೆಳಗೆ ಒತ್ತುವ ಹೊತ್ತಿಗೆ ಕಣ್ಣಷ್ಟೇ ನೀರಿನ ಮೇಲೆ ಬರಬೇಕು, ಮೊಸಳೆ ನೋಡುವ ಹಾಗೆ. ಬಾಯಿ ನೀರೊಳಗೇ ಇರಲಿ. ನೋಡಿದ ಕೂಡಲೇ ತಲೆಯನ್ನು ಪಕ್ಕಕ್ಕೆ ಹೊರಳಿಸಿ ಉಸಿರೆಳೆದುಕೊಳ್ಳಿ. ನೋಟ ಮತ್ತು ಉಸಿರು ಎರಡನ್ನೂ ಎದುರಿಗೇ ಮಾಡಲು ಹೋದರೆ ಗಲ್ಲ ಮೇಲೇಳುತ್ತದೆ, ಸೊಂಟ ಮುಳುಗುತ್ತದೆ, ಬ್ರೇಕ್ ಹಾಕಿದಂತಾಗುತ್ತದೆ. ಆರರಿಂದ ಎಂಟು ಕೈಬೀಸಿಗೆ ಒಂದು ಸಲ ನೋಡಿದರೆ ಸಾಕು. ಅಲೆ ಇದ್ದಾಗ ಅಲೆಯ ನೆತ್ತಿಗೆ ಬಂದಾಗಲೇ ನೋಡಬೇಕು, ತಗ್ಗಿನಲ್ಲಿ ಕಾಣುವುದು ಬರೀ ನೀರು. ತೇಲುಗುರುತುಗಳು ಚಿಕ್ಕವು, ಹಾಗಾಗಿ ಅವುಗಳ ಹಿಂದೆ ದಡದಲ್ಲಿರುವ ಎತ್ತರದ ಕಟ್ಟಡವನ್ನೋ ತೆಂಗಿನ ಗುಂಪನ್ನೋ ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳಿ. ಮುಂದಿನವರ ಕಾಲಿನಿಂದ ಏಳುವ ನೀರ್ಗುಳ್ಳೆ ನೋಡಿಕೊಂಡು ಅವರ ಹಿಂದೆಯೇ ಈಜಬಹುದು. ಹೀಗೆ ಇನ್ನೊಬ್ಬರ ಹಿಂದೆ ಅಂಟಿಕೊಂಡು ಹೋಗುವುದು ಸೈಕಲ್‌ನಲ್ಲಿ ಅಪರಾಧ, ಈಜಿನಲ್ಲಿ ಅಲ್ಲ. ಆದರೆ ಮುಂದಿನವನೂ ಸೊಟ್ಟಗೆ ಹೋಗುತ್ತಿರಬಹುದು ಎಂಬುದು ನೆನಪಿರಲಿ!

ಇದನ್ನು ಕೊಳದಲ್ಲೇ ಕಲಿಯಬಹುದು. ತಳದ ಗೆರೆ ಇಂಗ್ಲಿಷಿನ ‘ಟಿ’ ಆಕಾರದಲ್ಲಿ ಮುಗಿಯುತ್ತದಲ್ಲ, ಅಲ್ಲಿಗೆ ಬಂದ ಕೂಡಲೇ ಗೋಡೆ ಮುಟ್ಟದೆ ತಿರುಗಿ. ಇಪ್ಪತ್ತು ಉದ್ದ ಹೀಗೆ ಮಾಡಿದರೆ ತೋಳಿಗೆ ನಿಜ ಗೊತ್ತಾಗುತ್ತದೆ. ಒಂದೇ ಲೇನಿನಲ್ಲಿ ಮೂವರು ಅಕ್ಕಪಕ್ಕ ಈಜಿ, ಮೈಗೆ ಮೈ ತಾಗಲಿ. ಎಂಟು ಕೈಬೀಸು ಕಣ್ಣು ಮುಚ್ಚಿ ಈಜಿ ನೋಡಿ, ನೀವು ಯಾವ ಕಡೆಗೆ ವಾಲುತ್ತೀರಿ ಎಂಬುದು ತಿಳಿಯುತ್ತದೆ. ಒಂದೇ ಕಡೆ ಉಸಿರೆಳೆಯುವ ಬಹಳ ಜನ ಒಂದು ಪಕ್ಕಕ್ಕೆ ವಾಲುತ್ತಾರೆ. ಎರಡು ಕಡೆಯೂ ಉಸಿರೆಳೆಯಲು ಕಲಿತರೆ ಅರ್ಧ ರೋಗ ಹೋದಂತೆ. ಕಡಲಿಗೆ ಇಳಿಯುವುದಾದರೆ ಮಳೆಗಾಲ ಕಳೆದ ಮೇಲೆ ಇಳಿಯಿರಿ, ಜೀವರಕ್ಷಕರನ್ನು ಕೇಳಿ, ಸೊಂಟಕ್ಕೆ ತೇಲುಚೀಲ ಕಟ್ಟಿಕೊಂಡು, ಜೊತೆಗೊಬ್ಬರಿದ್ದರೆ ಮಾತ್ರ.

ಚಿಲ್ಲರೆ ಸಂಗತಿಗಳು ಕೆಲವಿವೆ. ಉಪ್ಪುನೀರಿನಲ್ಲಿ ಕತ್ತಿನ ಚರ್ಮ ಉಜ್ಜಿ ಕೆಂಪಾಗುತ್ತದೆ, ವ್ಯಾಸಲೀನ್ ಹಚ್ಚಿ. ಹಚ್ಚಿದ ಕೈಯನ್ನು ಒರೆಸದೆ ಗಾಗಲ್ಸ್ ಮುಟ್ಟಿದರೆ ಇಡೀ ಈಜು ಮಂಜಿನಲ್ಲಿ. ಗಾಗಲ್ಸ್ ಪಟ್ಟಿಯನ್ನು ಕ್ಯಾಪಿನ ಒಳಗೆ ಹಾಕಿದರೆ ಯಾರದೋ ಕೈ ಬಡಿದರೂ ಕಳೆದುಹೋಗುವುದಿಲ್ಲ. ಸುಸ್ತಾದರೆ ಕಾಯಕ್ ಹಿಡಿದು ನಿಲ್ಲಬಹುದು, ಅದು ನಿಮ್ಮನ್ನು ಮುಂದಕ್ಕೆ ಎಳೆಯದಿದ್ದರೆ ದಂಡವಿಲ್ಲ. ದಡಕ್ಕೆ ಬರುವಾಗ ಬೆರಳು ಎರಡು ಸಲ ಮರಳು ತಾಗುವ ತನಕ ಈಜುತ್ತಲೇ ಇರಿ. ತೊಡೆಮಟ್ಟದ ನೀರಿನಲ್ಲಿ ಎದ್ದು ನಡೆಯುವವರು ಈಜುವವರಿಗಿಂತ ನಿಧಾನ, ಸುಸ್ತೂ ಹೆಚ್ಚು.

ವೆಟ್‌ಸೂಟ್ ಕೊಳ್ಳಬೇಕೇ? (ಮಂಗಳೂರು)

ಮೈ ಬೆಚ್ಚಗಿಡುವ ಈ ರಬ್ಬರ್ ಈಜುಡುಪು ನಮ್ಮ ಕರಾವಳಿಗೂ ಗೋವಾಕ್ಕೂ ಬೇಡ, ನೀರು ಬೆಚ್ಚಗಿರುತ್ತದೆ. ಐರನ್‌ಮ್ಯಾನ್ ನಿಯಮದಲ್ಲಿ ನೀರು 24.5 ಡಿಗ್ರಿವರೆಗೆ ಇದ್ದರೆ ವಯೋವರ್ಗದವರು ಹಾಕಬಹುದು. ಅದಕ್ಕಿಂತ ಬಿಸಿಯಿದ್ದಾಗ ಹಾಕಿದರೆ ಗುಂಪಿನ ಬಹುಮಾನವೂ ಇಲ್ಲ, ಸ್ಲಾಟೂ ಇಲ್ಲ. ಯುರೋಪಿಗೋ ನ್ಯೂಜಿಲೆಂಡಿಗೋ ಹೋಗುವವರು ದಪ್ಪ 5 ಮಿ.ಮೀ. ಮೀರದಂತೆ ನೋಡಿ ಕೊಳ್ಳಲಿ. ರೇಸಿಗೆ ಮುಂಚೆ ಕನಿಷ್ಠ ನಾಲ್ಕು ಸಲವಾದರೂ ಅದರಲ್ಲಿ ಈಜಲಿ. ಮೊದಲ ಸಲ ಹಾಕಿದವರಿಗೆ ಎದೆ ಬಿಗಿದು ಉಸಿರು ಕಟ್ಟಿದಂತಾಗುತ್ತದೆ. ಅದು ರೇಸಿನ ದಿನ ಆಗಬಾರದು.

ಅಪ್ಪನಿಗೆ 56. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ. ಹೆಸರು ನೋಂದಾಯಿಸಿಬಿಟ್ಟಿದ್ದಾರೆ. (ತುಮಕೂರು)

ಮೊದಲು ಹೃದ್ರೋಗ ವೈದ್ಯರು, ಆಮೇಲೆ ಕೋಚ್. ಇ.ಸಿ.ಜಿ., ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಯಾವ ಮಾತ್ರೆ ಎಂಬುದೂ ಮುಖ್ಯ. ಕೆಲವು ಮಾತ್ರೆಗಳು ನಾಡಿಬಡಿತವನ್ನು ಏರಲು ಬಿಡುವುದಿಲ್ಲ, ಆಗ ವಾಚಿನ ಅಂಕಿ ನಂಬಿ ಓಡಿದರೆ ಲೆಕ್ಕ ತಪ್ಪುತ್ತದೆ. ಇನ್ನು ಕೆಲವು ಮೂತ್ರ ಹೆಚ್ಚಿಸಿ ನೀರು-ಉಪ್ಪು ಇಳಿಸುತ್ತವೆ. ಟ್ರಯಥ್ಲಾನ್‌ನಲ್ಲಿ ಸಾವುಗಳು ಸಂಭವಿಸುವುದು ಹೆಚ್ಚಾಗಿ ಈಜಿನಲ್ಲೇ, ಓಟದಲ್ಲಲ್ಲ. ಆದ್ದರಿಂದ ಶುರುವಿಗೆ ಮುಂಚೆ ನೀರಿಗಿಳಿದು ಐದು ನಿಮಿಷ ಮುಖ ಮುಳುಗಿಸಿ ಉಸಿರು ಹದ ಮಾಡಿಕೊಳ್ಳಲಿ. ಮೊದಲ 200 ಮೀಟರ್ ಆತುರ ಬೇಡ. ಎದೆ ಬಿಗಿದರೆ ಅಂಗಾತ ತೇಲಿ ಕೈ ಎತ್ತಬೇಕು. ಗಂಡಸರಿಗೆ ಇದೊಂದು ಅವಮಾನ ಅನ್ನಿಸುತ್ತದೆ, ಮನೆಯವರು ಮೊದಲೇ ಹೇಳಿಟ್ಟಿರಬೇಕು.

ರೋಡ್ ಬೈಕ್ ಇದೆ. ಟಿ.ಟಿ. ಬೈಕ್‌ಗೆ ಮೂರು ಲಕ್ಷ ಹಾಕಲೋ ಬೇಡವೋ? (ದಾವಣಗೆರೆ)

ಗಾಳಿ ಸೀಳಲೆಂದೇ ಮಾಡಿದ ಟಿ.ಟಿ. (ಟೈಮ್ ಟ್ರಯಲ್) ಬೈಕ್ ಈಗ ಬೇಡ. ಸೈಕಲ್ ಸವಾರನಿಗೆ ಗಾಳಿ ಒಡ್ಡುವ ತಡೆಯಲ್ಲಿ ದೊಡ್ಡ ಪಾಲು ಮೈಯದು, ಸೈಕಲ್ಲಿನದಲ್ಲ. ಮೊದಲು ಮೈಯನ್ನು ತಗ್ಗಿಸಿ. ಮೊಣಕೈ ಊರಿ ಮುಂದಕ್ಕೆ ಬಾಗಲು ಹ್ಯಾಂಡಲ್‌ಗೆ ಸಿಕ್ಕಿಸುವ ಏರೋಬಾರ್, ಮೂರಕ್ಕೂ ಹಾಕುವ ಮೈಗಂಟಿದ ಟ್ರೈಸೂಟ್, ಒಂದು ಸಲ ಗೊತ್ತಿದ್ದವರ ಕೈಲಿ ಬೈಕ್ ಫಿಟ್ (ಸೈಕಲ್ಲನ್ನು ಮೈ ಅಳತೆಗೆ ಹೊಂದಿಸುವುದು), 28 ಮಿ.ಮೀ.ಯ ಒಳ್ಳೆಯ ಟೈರ್. ಇಷ್ಟೂ ಸೇರಿ ನಿಮ್ಮ ಮೂರು ಲಕ್ಷದ ಸಣ್ಣ ತುಣುಕಷ್ಟೇ.

ಏರೋಬಾರ್ ಸಿಕ್ಕಿಸಿ ಹಾಗೇ ಬಿಟ್ಟರೆ ಬೇರೆ ತೊಂದರೆ ಬರುತ್ತದೆ. ರೋಡ್ ಬೈಕಿನಲ್ಲಿ ಸೀಟನ್ನು ಹೊತ್ತಿರುವ ಕೊಳವೆ (ಸೀಟ್ ಟ್ಯೂಬ್) ಸುಮಾರು 73 ಡಿಗ್ರಿಯಲ್ಲಿ ಹಿಂದಕ್ಕೆ ವಾಲಿರುತ್ತದೆ. ಮೊಣಕೈ ಮುಂದಕ್ಕೆ ಚಾಚಿದಾಗ ತೊಡೆ ಹೊಟ್ಟೆಗೆ ಒತ್ತುತ್ತದೆ, ಉಸಿರು ಗಿಡ್ಡವಾಗುತ್ತದೆ, ಇಳಿದ ಮೇಲೆ ಸೊಂಟ ನೆಟ್ಟಗಾಗುವುದಿಲ್ಲ. ಸೀಟನ್ನು ಎರಡು ಮೂರು ಸೆಂ.ಮೀ. ಮುಂದಕ್ಕೆ ತಂದು ಸ್ವಲ್ಪವೇ ಎತ್ತರಿಸಿದರೆ ಸೊಂಟದ ಕೋನ ತೆರೆದುಕೊಳ್ಳುತ್ತದೆ. ಹೊಸ ಭಂಗಿಗೆ ಕತ್ತು ಒಗ್ಗಲು ಆರು ವಾರ ಬೇಕು. ಟೈರಿನ ಗಾಳಿ ಇನ್ನೂ 110–120 ಪಿ.ಎಸ್.ಐ. ತುಂಬುವವರಿದ್ದಾರೆ. 28 ಮಿ.ಮೀ. ಟೈರಿಗೆ, 70 ಕೆ.ಜಿ. ತೂಕದವರಿಗೆ, 70ರ ಆಸುಪಾಸು ಸಾಕು. ನಮ್ಮ ರಸ್ತೆಯಲ್ಲಂತೂ ಅತಿ ಗಟ್ಟಿ ಟೈರ್ ಪುಟಿಯುತ್ತದೆ, ಉರುಳುವುದಿಲ್ಲ.

ಬಿಡಿ ಟ್ಯೂಬ್ ಎರಡು ಇಟ್ಟುಕೊಳ್ಳಿ, ವಾಲ್ವಿನ ಉದ್ದ ನೋಡಿ. 50 ಮಿ.ಮೀ. ಆಳದ ರಿಮ್ ಬಾಡಿಗೆಗೆ ತಂದು, ಜೇಬಿನಲ್ಲಿ 48 ಮಿ.ಮೀ. ವಾಲ್ವಿನ ಟ್ಯೂಬ್ ಇಟ್ಟುಕೊಂಡವರು ರಸ್ತೆ ಬದಿ ಕೂತಿರುವುದನ್ನು ಪ್ರತಿ ರೇಸಿನಲ್ಲೂ ನೋಡಬಹುದು. ಟ್ಯೂಬ್ ಒಳಗೆ ಕೂತಿರುತ್ತದೆ, ಗಾಳಿ ಹಾಕಲು ತುದಿ ಹೊರಗೇ ಬಂದಿರುವುದಿಲ್ಲ.

ವಿಮಾನದಲ್ಲಿ ಒಯ್ಯುವುದಾದರೆ ಸೀಟ್ ಪೋಸ್ಟ್ ಇಳಿಸುವ ಮುನ್ನ ಅದರ ಮಟ್ಟಕ್ಕೆ ಕರಿ ಇನ್ಸುಲೇಷನ್ ಟೇಪ್ ಸುತ್ತಿ. ಗೇರು ಬದಲಿಸುವ ಹಿಂದಿನ ಡಿರೈಲರನ್ನು ಬಿಚ್ಚಿ ಬಬಲ್ ಶೀಟಿನಲ್ಲಿ ಸುತ್ತಿ ಫ್ರೇಮಿನ ಒಳಭಾಗಕ್ಕೆ ಕಟ್ಟಿ. ಬಿಚ್ಚದೆ ಬಿಟ್ಟರೆ ಪೆಟ್ಟಿಗೆ ಆ ಮಗ್ಗುಲಿಗೆ ಬಿದ್ದಾಗ ಅದನ್ನು ಹಿಡಿದಿರುವ ಹ್ಯಾಂಗರ್ ಎಂಬ ಚಿಕ್ಕ ಅಲ್ಯೂಮಿನಿಯಂ ತುಂಡು ಬಾಗುತ್ತದೆ. ಬಾಗಿದ್ದು ಕಣ್ಣಿಗೆ ಕಾಣುವುದಿಲ್ಲ. ಏರಿನಲ್ಲಿ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದಾಗ ಡಿರೈಲರ್ ಕಡ್ಡಿಗಳೊಳಗೆ ನುಗ್ಗುತ್ತದೆ, ಅಲ್ಲಿಗೆ ರೇಸ್ ಮುಗಿಯಿತು. ನಿಮ್ಮ ಫ್ರೇಮಿನದೇ ಹ್ಯಾಂಗರ್ ಒಂದು ಹೆಚ್ಚಿಗೆ ಇರಲಿ. ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಊರು ತಲುಪಿದ ದಿನವೇ ಜೋಡಿಸಿ ಅರ್ಧ ಗಂಟೆ ತುಳಿದು ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಎಲೆಕ್ಟ್ರಾನಿಕ್ ಗೇರಿನ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು.

ಯಾರ ಹಿಂದೂ ಅಂಟಿಕೊಂಡಿರಲಿಲ್ಲ. ಒಬ್ಬರು ನನ್ನನ್ನು ದಾಟಿ ಮುಂದೆ ಬಂದು ನಿಧಾನವಾದರು. ನೀಲಿ ಕಾರ್ಡ್ ಸಿಕ್ಕಿದ್ದು ನನಗೆ, ಐದು ನಿಮಿಷ ದಂಡ! ಇದು ನ್ಯಾಯವೇ? (ಶಿವಮೊಗ್ಗ)

ನ್ಯಾಯದ ಮಾತು ಬೇರೆ, ನಿಯಮದ ಪ್ರಕಾರ ತೀರ್ಪು ಸರಿ. ವಯೋವರ್ಗದ ಐರನ್‌ಮ್ಯಾನ್ ರೇಸಿನಲ್ಲಿ ಮುಂದಿನವರ ಮುಂಚಕ್ರದಿಂದ ನಿಮ್ಮ ಮುಂಚಕ್ರಕ್ಕೆ 12 ಮೀಟರ್ ಇರಬೇಕು. ದಾಟಲು ಆ ಅಂತರದೊಳಗೆ ಹೊಕ್ಕರೆ 25 ಸೆಕೆಂಡಿನಲ್ಲಿ ದಾಟಿಬಿಡಬೇಕು. ಅವರ ಮುಂಚಕ್ರ ನಿಮ್ಮದನ್ನು ದಾಟಿದ ಗಳಿಗೆಯಿಂದ ಹಿಂದೆ ಸರಿಯುವ ಹೊಣೆ ನಿಮ್ಮದು. ಅವರು ಆಮೇಲೆ ನಿಧಾನವಾದರೂ ಸರಿಯೇ, ನೀವು 12 ಮೀಟರ್ ಹಿಂದೆ ಬಿದ್ದ ಮೇಲಷ್ಟೇ ಮತ್ತೆ ದಾಟಬಹುದು. ಸಿಟ್ಟಿಗೆ ಅಲ್ಲೇ ಎದ್ದು ತುಳಿದು ಮರಳಿ ದಾಟುವುದೂ ಅಪರಾಧವೇ.

ಕಣ್ಣಂದಾಜಿನಲ್ಲಿ 12 ಮೀಟರ್ ಯಾರಿಗೂ ಸಿಗುವುದಿಲ್ಲ, ಎಲ್ಲರೂ ಕಡಿಮೆಯೇ ಬಿಡುತ್ತಾರೆ. ಎರಡು ಉಪಾಯಗಳಿವೆ. ಒಂದು, ಅವರ ಹಿಂಚಕ್ರಕ್ಕೂ ನಿಮ್ಮ ಮುಂಚಕ್ರಕ್ಕೂ ನಡುವೆ ಆರು ಸೈಕಲ್ ಉದ್ದುದ್ದ ನಿಲ್ಲುವಷ್ಟು ಜಾಗ ಬೇಕು. ಇನ್ನೊಂದು ಇದಕ್ಕಿಂತ ವಾಸಿ: ರಸ್ತೆಯ ಮೇಲಿನ ಯಾವುದಾದರೂ ಗುರುತನ್ನು ಅವರ ಮುಂಚಕ್ರ ದಾಟಿದಾಗ ಎಣಿಸಲು ಶುರು ಮಾಡಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ 12 ಮೀಟರ್ ಎಂದರೆ ಒಂದೂವರೆ ಸೆಕೆಂಡಿಗೆ ಸ್ವಲ್ಪ ಕಡಿಮೆ. ಏರಿನಲ್ಲಿ ವೇಗ 15ಕ್ಕೆ ಇಳಿದಾಗ ಅದೇ 12 ಮೀಟರ್ ಮೂರು ಸೆಕೆಂಡ್ ಆಗುತ್ತದೆ. ಜನ ಸಿಕ್ಕಿಬೀಳುವುದು ಏರಿನ ಬುಡದಲ್ಲೇ. ಮುಂದಿನವರು ನಿಧಾನವಾಗುತ್ತಾರೆ, ಹಿಂದಿನವರು ಹಳೆ ವೇಗದಲ್ಲಿ ಬಂದು ಗುಂಪಾಗುತ್ತದೆ. ದಾಟುವುದಕ್ಕೆ ಭಾರಿ ಜೋರೇನೂ ಬೇಡ, ಅವರಿಗಿಂತ ಗಂಟೆಗೆ ಎರಡು ಕಿ.ಮೀ. ಹೆಚ್ಚಿದ್ದರೆ 25 ಸೆಕೆಂಡಿನಲ್ಲಿ ಆಗುತ್ತದೆ.

ಕಾರ್ಡ್ ಸಿಕ್ಕರೆ ವಾದ ಮಾಡದೆ ಮುಂದಿನ ದಂಡದ ಟೆಂಟಿನಲ್ಲಿ ನಿಲ್ಲಿ. ನಿಲ್ಲದೆ ಹೋದರೆ ಅನರ್ಹ, ನೀಲಿ ಕಾರ್ಡ್ ಮೂರಾದರೂ ಅನರ್ಹ. ಹೆಲ್ಮೆಟ್ಟಿನ ಬಕಲ್ ವಿಷಯವೂ ಹೀಗೇ. ಸೈಕಲ್ ಮುಟ್ಟುವ ಮೊದಲು ಹಾಕಬೇಕು, ಓಡಿ ಬಂದು ಸ್ಟ್ಯಾಂಡಿಗೆ ತೂಗಿದ ಮೇಲೆ ಬಿಚ್ಚಬೇಕು. ಇಯರ್‌ಫೋನ್ ಬೇಡ. ಜೆಲ್ (ಪೊಟ್ಟಣದಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ) ಸಿಪ್ಪೆಯನ್ನು ರಸ್ತೆಗೆ ಎಸೆದರೂ ಕಾರ್ಡ್ ಬರುತ್ತದೆ.

ಸೈಕಲ್‌ನ ಮೂರೂವರೆ ಗಂಟೆಯಲ್ಲಿ ಎಂಟು ಜೆಲ್ ತಿಂದೆ, ಎರಡು ಬಾಟಲಿ ಎನರ್ಜಿ ಡ್ರಿಂಕ್ ಕುಡಿದೆ. ಓಟದ ಆರನೇ ಕಿ.ಮೀ.ನಲ್ಲಿ ಎಲ್ಲ ವಾಂತಿ. ಕಡಿಮೆ ತಿಂದಿದ್ದರೆ ಸರಿ ಹೋಗುತ್ತಿತ್ತೇ? (ಬೆಂಗಳೂರು)

ತಿಂದದ್ದರ ಜೊತೆ ಕುಡಿದದ್ದನ್ನೂ ಲೆಕ್ಕ ಹಾಕೋಣ. ಜೆಲ್ ಒಂದರಲ್ಲಿ 25 ಗ್ರಾಂ ಸಕ್ಕರೆಯಂಶ ಎಂದರೆ 200 ಗ್ರಾಂ. ಬಾಟಲಿಗೆ 60ರಂತೆ 120. ಒಟ್ಟು 320, ಅಂದರೆ ಗಂಟೆಗೆ ಸುಮಾರು 90 ಗ್ರಾಂ. ಪಳಗಿದ ಹೊಟ್ಟೆ ಇದನ್ನು ತಡೆಯುತ್ತದೆ. ಆದರೆ ನೀರು? ಎರಡು ಬಾಟಲಿ ಎಂದರೆ ಒಂದೂವರೆ ಲೀಟರ್, ಗಂಟೆಗೆ 430 ಮಿ.ಲೀ. ಗೋವಾದಂಥ ಸೆಕೆಯಲ್ಲಿ ಗಂಟೆಗೆ ಒಂದು ಲೀಟರಿಗೂ ಮೀರಿ ಬೆವರು ಹೋಗುತ್ತದೆ. ಹೊಟ್ಟೆಯಲ್ಲಿ ಉಳಿದದ್ದು ಪಾಕ. ಅಷ್ಟು ಗಟ್ಟಿ ಪಾಕವನ್ನು ತೆಳು ಮಾಡಲು ಕರುಳು ಮೈಯಿಂದಲೇ ನೀರೆಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹೋಗಿ ಹೊಟ್ಟೆ ಕೆಲಸ ನಿಲ್ಲಿಸಿರುತ್ತದೆ. ಈಜುವಾಗ ಕುಡಿದ ಉಪ್ಪುನೀರು ಬೇರೆ. ಓಟದ ಕುಲುಕಾಟ ಶುರುವಾದ ಮೇಲೆ ಅದು ಹೊರಗೆ ಬರದೆ ಇನ್ನೇನಾಗುತ್ತದೆ?

ಮೊದಲು ನಿಮ್ಮ ಬೆವರು ಅಳೆಯಿರಿ. ಒಂದು ಗಂಟೆ ರೇಸಿನ ವೇಗದಲ್ಲಿ ತುಳಿಯುವ ಮುಂಚೆ ಮತ್ತು ಆಮೇಲೆ ಬಟ್ಟೆಯಿಲ್ಲದೆ ತೂಕ ನೋಡಿ. ಮುಂಚೆ 70 ಕೆ.ಜಿ., ಆಮೇಲೆ 69.2, ನಡುವೆ ಕುಡಿದದ್ದು ಅರ್ಧ ಲೀಟರ್ ಎಂದಾದರೆ ಬೆವರಿದ್ದು 1.3 ಲೀಟರ್. ಮಾರ್ಚ್-ಏಪ್ರಿಲ್‌ನ ಮಧ್ಯಾಹ್ನ ಒಮ್ಮೆ, ತಂಪು ಬೆಳಗಿನಲ್ಲಿ ಒಮ್ಮೆ ಮಾಡಿದರೆ ಎರಡು ಅಂಕಿ ಸಿಗುತ್ತವೆ. ಬೆವರಿದ್ದಷ್ಟನ್ನೂ ಕುಡಿಯಬೇಕಿಲ್ಲ, ಅರ್ಧಕ್ಕಿಂತ ತುಸು ಹೆಚ್ಚು ಸಾಕು. ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುವುದೂ ಅಪಾಯ. ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ಗೊಂದಲ, ಫಿಟ್ಸ್‌ವರೆಗೂ ಹೋಗುತ್ತದೆ. ರೇಸ್ ಮುಗಿದಾಗ ತೂಕ ಏರಿದ್ದರೆ ಕುಡಿದದ್ದು ಹೆಚ್ಚಾಯಿತು ಎಂದೇ ಅರ್ಥ.

ಅಗ್ಗದ ಪಾನಕವೊಂದು ಹೀಗೆ: 750 ಮಿ.ಲೀ. ನೀರಿಗೆ 60 ಗ್ರಾಂ ಸಕ್ಕರೆ, 2 ಗ್ರಾಂ ಉಪ್ಪು, ಅರ್ಧ ನಿಂಬೆ. ಚಮಚದ ಅಂದಾಜು ಬೇಡ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಸಕ್ಕರೆ ಎಂದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಕರುಳಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಬಾಗಿಲು. ಗ್ಲೂಕೋಸಿನ ಬಾಗಿಲಲ್ಲಿ ಗಂಟೆಗೆ ಹಿಡಿಸುವುದು 60 ಗ್ರಾಂ ಆಸುಪಾಸು. ಅದನ್ನು ಮೀರಬೇಕಾದರೆ ಫ್ರಕ್ಟೋಸ್ ಬೆರೆತಿರಲೇಬೇಕು. ಬೆಲೆ ಬಾಳುವ ಡಬ್ಬಿಗಳಲ್ಲಿ ಬರೆದಿರುವ 2:1, 1:0.8 ಎಂಬ ಅಂಕಿಗಳ ಒಳಗುಟ್ಟು ಇಷ್ಟೇ. ಗಂಟೆಗೊಂದು ಬಾಟಲಿ ಈ ಪಾನಕ, ಹೊಟ್ಟೆ ಒಪ್ಪಿದರೆ ಅರ್ಧ ಜೆಲ್, ಜೊತೆಗೆ ಎರಡು ಮೂರು ಗುಟುಕು ಬರೀ ನೀರು. ಜೆಲ್ ತಿಂದಾಗ ಕುಡಿಯಬೇಕಾದ್ದು ನೀರೇ, ಎನರ್ಜಿ ಡ್ರಿಂಕ್ ಅಲ್ಲ. ಅಂಗಡಿಯ ಓ.ಆರ್.ಎಸ್. ಪುಡಿಯನ್ನು ಶಕ್ತಿಗೆಂದು ನೆಚ್ಚಬೇಡಿ. ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಅಷ್ಟೇ ಅದರಲ್ಲಿರುವುದು, ಅದು ಉಪ್ಪಿಗಾಗಿ. ಒಂದು ಲೀಟರಿನ ಪೊಟ್ಟಣವನ್ನು ಚಿಕ್ಕ ಬಾಟಲಿಗೆ ಸುರಿದುಕೊಳ್ಳುವವರೂ ನೀವು ಮಾಡಿದ ತಪ್ಪನ್ನೇ ಮಾಡುತ್ತಾರೆ.

ಹೊಟ್ಟೆಯನ್ನೂ ಪಳಗಿಸಬೇಕು. ರೇಸಿಗೆ ಎಂಟು ವಾರ ಇರುವಾಗಿನಿಂದ ಪ್ರತಿ ಭಾನುವಾರದ ಉದ್ದ ಸವಾರಿಯಲ್ಲಿ ಗಂಟೆಗೆ 40 ಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ. ಬೆಳಗಿನ ತಿಂಡಿ ಮೂರು ಗಂಟೆ ಮುಂಚೆ ಆಗಬೇಕು: ಇಡ್ಲಿ, ಸಕ್ಕರೆ ಅಥವಾ ಜೇನು, ಏಲಕ್ಕಿ ಬಾಳೆ. ಕಾಯಿಚಟ್ನಿಯ ಜಿಡ್ಡು, ಸಾಂಬಾರಿನ ಬೇಳೆ-ನಾರು ಆ ಒಂದು ದಿನ ಬೇಡ. ಅವು ಹೊಟ್ಟೆಯಿಂದ ಇಳಿಯಲು ಹೊತ್ತು ಹಿಡಿಯುತ್ತವೆ.

ಓಟದಲ್ಲಿ ಹೊಟ್ಟೆ ತೊಳಸಿದರೆ ನಡೆಯಿರಿ. ಐದು ನಿಮಿಷ ನಡೆದು, ಕತ್ತಿಗೂ ತೋಳಿಗೂ ಐಸ್ ಹಿಡಿದು, ಬರೀ ನೀರು ಗುಟುಕರಿಸಿ. ನಾಡಿ ಇಳಿದ ಮೇಲೆ ಕೋಲಾ ಸ್ವಲ್ಪ ಸ್ವಲ್ಪ. ನೋವಿನ ಮಾತ್ರೆ ನುಂಗಿ ಓಡುವುದು ಮಾತ್ರ ಬೇಡ. ನೀರಿಳಿದ ಮೈಯಲ್ಲಿ ಐಬುಪ್ರೊಫೆನ್‌ನಂಥವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ನಾನು ನಿಧಾನ. ಎಲ್ಲದರಲ್ಲೂ. ಗಡುವಿನೊಳಗೆ ಮುಗಿಸಬಲ್ಲೆನೇ? (ಕಲಬುರಗಿ)

ಲೆಕ್ಕ ನೀವೇ ಹಾಕಿ. 70.3ರಲ್ಲಿ ಸಾಮಾನ್ಯವಾಗಿ ಈಜಿಗೆ 1 ಗಂಟೆ 10 ನಿಮಿಷ, ಸೈಕಲ್ ಮುಗಿಸಲು ಶುರುವಿನಿಂದ ಐದೂವರೆ ಗಂಟೆ, ಒಟ್ಟು ಎಂಟೂವರೆ. ಈಜಿಗೆ 55 ನಿಮಿಷ ತೆಗೆದುಕೊಳ್ಳಿ, ಬಟ್ಟೆ-ಬೂಟಿಗೆ 8 ನಿಮಿಷ. ಗಂಟೆಗೆ 25 ಕಿ.ಮೀ. ವೇಗದಲ್ಲಿ 90 ಕಿ.ಮೀ. ಎಂದರೆ 3 ಗಂಟೆ 36 ನಿಮಿಷ. ಎರಡನೇ ಬದಲಾವಣೆಗೆ 6. ಒಟ್ಟು 4 ಗಂಟೆ 45 ನಿಮಿಷ. ಓಟಕ್ಕೆ ಉಳಿದದ್ದು 3 ಗಂಟೆ 45 ನಿಮಿಷ, ಕಿ.ಮೀ.ಗೆ ಹತ್ತೂ ಮುಕ್ಕಾಲಿಗೆ ಹತ್ತಿರ. ಚುರುಕಾಗಿ ನಡೆಯುತ್ತ ನಡುನಡುವೆ ಕುಕ್ಕುಲೋಟ ಹಾಕಿದರೂ ಮುಟ್ಟಬಹುದು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಗೋವಾದಲ್ಲಿ ಮುಗಿಸಿದ್ದು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ. ಎರಡೂವರೆ ನಿಮಿಷ ಕೈಯಲ್ಲಿತ್ತು.

ನಿಧಾನದವರು ಕೆಡುವುದು ಈಜಿನಲ್ಲಿ ಹೋದ ಹತ್ತು ನಿಮಿಷವನ್ನು ಸೈಕಲ್ಲಿನಲ್ಲಿ ವಸೂಲಿ ಮಾಡಲು ಹೋಗಿ. ಗಂಟೆಗೆ 25ರ ಬದಲು 27ರಲ್ಲಿ ತುಳಿದರೆ ಉಳಿಯುವುದು 16 ನಿಮಿಷ. ಅದಕ್ಕಾಗಿ ತೊಡೆ ಸುಟ್ಟುಕೊಂಡರೆ ಓಟದಲ್ಲಿ ಕಿ.ಮೀ.ಗೆ ಎರಡು ನಿಮಿಷದಂತೆ 42 ನಿಮಿಷ ಹೋಗುತ್ತದೆ. ಸೈಕಲ್ ಮೇಲೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರಿರಲಿ. ವಾರಕ್ಕೊಮ್ಮೆ ಎರಡು ಗಂಟೆ ತುಳಿದು ಇಳಿದ ಕೂಡಲೇ ಇಪ್ಪತ್ತು ನಿಮಿಷ ಓಡಿ. ಮೊದಲ ಕಿ.ಮೀ.ನಲ್ಲಿ ಕಾಲು ಮರದ ಕೊರಡಿನಂತಿರುತ್ತದೆ, ಹಾಗಿದ್ದೂ ವಾಚು ನೋಡಿದರೆ ಅಂದುಕೊಂಡದ್ದಕ್ಕಿಂತ ಜೋರಾಗಿ ಓಡುತ್ತಿರುತ್ತೀರಿ. ಆ ಮೋಸ ಅಭ್ಯಾಸದಲ್ಲೇ ಗೊತ್ತಾಗಲಿ.

ಟೊರಾಂಟೊದಲ್ಲಿದ್ದೇನೆ. ಕೋನಾಕ್ಕೆ ಸ್ಲಾಟ್ ಸಿಕ್ಕಿದೆ! ಅಲ್ಲಿನ ಬಿಸಿಗೆ ಇಲ್ಲಿಂದಲೇ ತಯಾರಾಗುವುದು ಹೇಗೆ? (ಕೆನಡಾ)

ಅಭಿನಂದನೆ. ಹೊಸಬರಿಗೆ: ಕೋನಾ ಎಂದರೆ ಹವಾಯಿಯಲ್ಲಿ ನಡೆಯುವ ಐರನ್‌ಮ್ಯಾನ್ ವರ್ಲ್ಡ್ ಚಾಂಪಿಯನ್‌ಶಿಪ್. 1978ರ ಫೆಬ್ರುವರಿಯಲ್ಲಿ ಹವಾಯಿಯ ಓಅಹು ದ್ವೀಪದಲ್ಲಿ 15 ಜನ ಹೊರಟು 12 ಜನ ಮುಗಿಸಿದ ರೇಸ್ ಇದು. 1981ರಲ್ಲಿ ದೊಡ್ಡ ದ್ವೀಪದ ಕೋನಾಕ್ಕೆ ಬಂತು. ಅಂದಿನಿಂದ ಅದರ ಹೆಸರು ಬಿಸಿಲಿಗೂ ಗಾಳಿಗೂ ಅಂಟಿಕೊಂಡಿದೆ.

ಮೈ ಬಿಸಿಗೆ ಒಗ್ಗಲು 10ರಿಂದ 14 ದಿನ ಬೇಕು. ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನ ಉಪ್ಪು ಕಡಿಮೆಯಾಗುತ್ತದೆ. ಎರಡು ವಾರ ಮೊದಲೇ ಹೋಗಿ ಇರುವಷ್ಟು ರಜೆ ಯಾರಿಗೂ ಸಿಗುವುದಿಲ್ಲ. ಕೊನೆಯ ಮೂರು ವಾರ, ದಿನದ ಅಭ್ಯಾಸ ಮುಗಿಸಿದ ಕೂಡಲೇ 20–30 ನಿಮಿಷ ಸೌನಾ (ಬೆವರಿಳಿಸುವ ಬಿಸಿ ಕೋಣೆ) ಅಥವಾ 40 ಡಿಗ್ರಿಯ ಬಿಸಿನೀರಿನ ತೊಟ್ಟಿ. ಮೊದಲ ದಿನ ಹತ್ತೇ ನಿಮಿಷ. ತಲೆ ತಿರುಗಿದರೆ ಎದ್ದುಬಿಡಿ, ಒಬ್ಬರೇ ಇರಬೇಡಿ. ಮನೆಯಲ್ಲಿ ಸೈಕಲ್ ನಿಲ್ಲಿಸಿ ತುಳಿಯುವ ಟ್ರೇನರಿನಲ್ಲಿ ಫ್ಯಾನ್ ಇಲ್ಲದೆ ಒಂದು ಗಂಟೆ ತುಳಿಯುವುದೂ ಆಗುತ್ತದೆ. ಬಿಟ್ಟ ಒಂದೆರಡು ವಾರದಲ್ಲಿ ಇದೆಲ್ಲ ಇಳಿದುಹೋಗುತ್ತದೆ, ಆದ್ದರಿಂದ ರೇಸಿನ ವಾರದಲ್ಲೂ ಎರಡು ಮೂರು ಸಲ ಮಾಡಿ.

ಅಲ್ಲಿ ವೆಟ್‌ಸೂಟ್ ಇಲ್ಲ. ಸೈಕಲ್ ದಾರಿ ಕ್ವೀನ್ ಕಾಅಹುಮಾನು ಹೆದ್ದಾರಿ ಹಿಡಿದು ಲಾವಾ ಬಯಲಿನ ನಡುವೆ ಹಾವಿಯವರೆಗೆ ಏರಿ ಹಿಂದಿರುಗುತ್ತದೆ. ಮುಮುಕು ಎಂಬ ಬೆಟ್ಟದ ಗಾಳಿ ಅಡ್ಡದಿಂದ ತಳ್ಳುತ್ತದೆ, ಅದಕ್ಕೇ ಪೂರ್ತಿ ಮುಚ್ಚಿದ ಡಿಸ್ಕ್ ಚಕ್ರಕ್ಕೆ ಅಲ್ಲಿ ಅನುಮತಿ ಇಲ್ಲ (ಡಿಸ್ಕ್ ಬ್ರೇಕಿಗೂ ಇದಕ್ಕೂ ಸಂಬಂಧವಿಲ್ಲ). ನಿಮ್ಮ ತೂಕ 60 ಕೆ.ಜಿ.ಗಿಂತ ಕಡಿಮೆಯಿದ್ದರೆ ಮುಂಚಕ್ರದ ಆಳ 40–50 ಮಿ.ಮೀ. ದಾಟದಿರಲಿ. ಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲದೆ ಆರಿಹೋಗುತ್ತದೆ. ಬೆವರುತ್ತಲೇ ಇಲ್ಲವಲ್ಲ ಅಂದುಕೊಂಡು ನೀರು ಬಿಟ್ಟವರು ಓಟದ ಎನರ್ಜಿ ಲ್ಯಾಬ್ ರಸ್ತೆಯಲ್ಲಿ ಅದರ ಬೆಲೆ ಕೊಡುತ್ತಾರೆ. ವಾಚಿನಲ್ಲಿ 15 ನಿಮಿಷಕ್ಕೊಂದು ಅಲಾರಾಂ ಇಟ್ಟು ಅದು ಕೂಗಿದಾಗ ಕುಡಿಯಿರಿ, ಬಾಯಾರಿಕೆ ಕೇಳಬೇಡಿ. ನೀರಿನ ಕಟ್ಟೆ ಸಿಕ್ಕಾಗಲೆಲ್ಲ ಟೋಪಿಯೊಳಗೆ ಐಸ್ ತುಂಬಿಕೊಳ್ಳಿ. ಬೂಟಿನ ಮೇಲೆ ನೀರು ಸುರಿಯದಂತೆ ಬಗ್ಗಿ ಸುರಿದುಕೊಳ್ಳಿ. ಒದ್ದೆ ಕಾಲುಚೀಲದಲ್ಲಿ 42 ಕಿ.ಮೀ. ಓಡಿದರೆ ಬೊಬ್ಬೆ ತಪ್ಪಿದ್ದಲ್ಲ.

ಕೊನೆಯ ನೂರು ಮೀಟರ್ ಮಗಳನ್ನು ಎತ್ತಿಕೊಂಡು ಗೆರೆ ದಾಟುವ ಆಸೆ. ಬಿಡುತ್ತಾರಾ? (ಉಡುಪಿ)

ಐರನ್‌ಮ್ಯಾನ್ ರೇಸುಗಳಲ್ಲಿ ಬಿಡುವುದಿಲ್ಲ, ಅನರ್ಹ ಮಾಡಬಹುದು. ಮುಗಿಯುವ ದಾರಿಯ ಪಕ್ಕದ ಕಟಕಟೆಯ ಬಳಿ ಮಗಳನ್ನು ನಿಲ್ಲಿಸಲು ಮನೆಯವರಿಗೆ ಹೇಳಿ, ಕೈ ತಟ್ಟಿ ಹೋಗಿ. ದಾಟಿದ ಮೇಲೆ ಕಾಲಿನ ಚಿಪ್ ಬಿಚ್ಚಿ ಕೊಡಿ. ಕೈಪಟ್ಟಿಯನ್ನು ಮಾತ್ರ ಕತ್ತರಿಸಬೇಡಿ, ಸೈಕಲ್ ವಾಪಸ್ ಕೊಡುವಾಗ ಅದನ್ನೇ ನೋಡುತ್ತಾರೆ.